ಎಂಟು ಗಂಟೆ ಮಲಗಿದರೂ ನಿದ್ದೆಯಾಗುತ್ತಿರಲಿಲ್ಲ: ನನ್ನ ಒಂದು ವರ್ಷದ ಓಡಾಟ

ನನಗಿರುವುದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ. ಹೋದ ವಾರ ಮೈಸೂರಿಗೆ ಹೋಗಿ ಅದರ ಚಿಕಿತ್ಸೆಯ ಮೂರನೇ ತಿಂಗಳ ಚೆಕಪ್ ಮುಗಿಸಿಕೊಂಡು ಬಂದೆ. ಬಸ್ಸಿನಲ್ಲಿ ಹಾಸನದವರೆಗೂ ಎಚ್ಚರವಾಗಿಯೇ ಇದ್ದೆ. ಕಿಟಕಿ ಆಚೆ ನೋಡುತ್ತಾ ಕೂತಿದ್ದೆ. ಹೋದ ವರ್ಷ ಇದೇ ದಾರಿಯಲ್ಲಿ ಇಲವಾಲ ದಾಟುವ ಮೊದಲೇ ತಲೆ ಜೋತು ಬೀಳುತ್ತಿತ್ತು. ಅದು ನೆನಪಾದಾಗ ಇದನ್ನು ಬರೆದಿಡಬೇಕು ಅನ್ನಿಸಿತು. ನನ್ನ ಹಾಗೆ ಒದ್ದಾಡುತ್ತಿರುವ ಹೆಂಗಸರು ಬಹಳ ಜನ ಇದ್ದಾರೆ. ಅವರಿಗೆ ನನ್ನಷ್ಟು ಸುತ್ತಾಟ ಬೇಡ.

ನನಗೆ 47 ವರ್ಷ. ಹಾಸನದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಹೋದ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದಾಗ ಮೊದಲ ಬಾರಿಗೆ ಏನೋ ಸರಿಯಿಲ್ಲ ಅನ್ನಿಸಿದ್ದು. ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುತ್ತಿದ್ದೆ. ಎಂಟು ಗಂಟೆ ಆಯಿತಲ್ವಾ? ಆದರೆ ಏಳುವಾಗ ದಿನವಿಡೀ ನಾಟಿ ಮಾಡಿ ಬಂದವಳ ಹಾಗೆ ಮೈ ಭಾರ. ಬಾಯಿ ಒಣಗಿರುತ್ತಿತ್ತು. ಹಣೆಯ ಎರಡೂ ಕಡೆ ನೋವು, ತಿಂಡಿ ಮಾಡಿ ಮುಗಿಸುವ ಹೊತ್ತಿಗೆ ತಾನಾಗಿ ಹೋಗುತ್ತಿತ್ತು. ರಾತ್ರಿ ಮೂರು ಸಲ ಬಾತ್‌ರೂಮಿಗೆ ಏಳಬೇಕಿತ್ತು. ಸಕ್ಕರೆ ಕಾಯಿಲೆ ಬಂತೇನೋ ಎಂದು ಹೆದರಿದ್ದೆ.

ಮಧ್ಯಾಹ್ನ ಊಟದ ನಂತರದ ಪಿರಿಯಡ್ ನನಗೆ ದೊಡ್ಡ ಹಿಂಸೆ. ನಿಂತು ಪಾಠ ಮಾಡಿದರೆ ಪರವಾಗಿಲ್ಲ, ಕುರ್ಚಿಯಲ್ಲಿ ಕೂತರೆ ಕಣ್ಣು ಎಳೆಯುತ್ತಿತ್ತು. ಎರಡು ವರ್ಷ ಪಾಠ ಕೇಳಿದ ಹುಡುಗಿಯ ಹೆಸರು ನಾಲಿಗೆ ತುದಿಗೆ ಬಂದು ನಿಂತುಬಿಡುತ್ತಿತ್ತು. ಮನೆಯಲ್ಲಿ ಮಗಳ ಮೇಲೆ ಸುಮ್ ಸುಮ್ನೆ ರೇಗುತ್ತಿದ್ದೆ. ಅವಳು ಆಗ ಮೊದಲ ಪಿಯುಸಿ. ಒಂದು ದಿನ ಟಿಫಿನ್ ಬಾಕ್ಸ್ ತೊಳೆಯಲಿಲ್ಲ ಎಂದು ನಾನು ಕೂಗಾಡಿದ ರೀತಿಗೆ ಅವಳು ಊಟವನ್ನೇ ಬಿಟ್ಟಳು. ಆಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಇದು ನನ್ನ ಸ್ವಭಾವ ಅಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಯಾಕೆ ಹೀಗೆ ಎಂದು ಗೊತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಮೊದಲ ಡಾಕ್ಟರ ಹತ್ತಿರ ಹೋದೆ. ಬಿಪಿ 150/96 ಇತ್ತು. ಅದಕ್ಕೆ ಒಂದು ಮಾತ್ರೆ ಶುರುವಾಯಿತು. ನಿದ್ದೆಯ ವಿಷಯ ಹೇಳಿದಾಗ, "ಟೆನ್ಶನ್ ಅಷ್ಟೇ. ಈ ವಯಸ್ಸಲ್ಲಿ ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದು ರಾತ್ರಿಗೆ ಅರ್ಧ ನಿದ್ದೆ ಮಾತ್ರೆ ಬರೆದುಕೊಟ್ಟರು. ಐದು ವಾರ ತೆಗೆದುಕೊಂಡೆ. ಬೇಗ ನಿದ್ದೆ ಹತ್ತುತ್ತಿತ್ತು, ನಿಜ. ಆದರೆ ಬೆಳಗಿನ ತಲೆನೋವು, ಮಂಪರು ಇನ್ನೂ ಜಾಸ್ತಿಯಾಯಿತು. ಕಾರಣ ನನಗೆ ತಿಳಿದದ್ದು ಐದು ತಿಂಗಳ ನಂತರ. ಈ ಬಗೆಯ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನೂ ಸಡಿಲ ಮಾಡುತ್ತವೆ. ನನಗಿದ್ದ ತೊಂದರೆಗೆ ಅದು ಬೆಂಕಿಗೆ ತುಪ್ಪ ಸುರಿದ ಹಾಗೆ. ಬೇರೆಯವರಿಗೆ ಕೊಟ್ಟ ನಿದ್ದೆ ಮಾತ್ರೆಯನ್ನು ಕೇಳಿ ತಂದು ನುಂಗುವವರು ನಮ್ಮ ಸುತ್ತ ಎಷ್ಟೋ ಜನ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ಬಿಡಲೂಬೇಡಿ. ಡಾಕ್ಟರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಎರಡನೆಯ ಡಾಕ್ಟರು ಒಬ್ಬರು ಹೆಂಗಸು. ತಾಳ್ಮೆಯಿಂದ ಕೇಳಿಸಿಕೊಂಡರು. ಮಾತ್ರೆಯನ್ನು ನಿಧಾನವಾಗಿ ನಿಲ್ಲಿಸಿ ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಮೂರು ತಿಂಗಳ ಸಕ್ಕರೆ, ಜೊತೆಗೆ ಫೆರಿಟಿನ್. ಎಲ್ಲಾ ಸೇರಿ 2,850 ರೂಪಾಯಿ. ಥೈರಾಯ್ಡ್ ಸರಿಯಿತ್ತು. ಸಕ್ಕರೆ 6.1, ಗಡಿ ದಾಟುವ ಹಂತ. ಫೆರಿಟಿನ್ ಮಾತ್ರ 14. ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ.

"ರಾತ್ರಿ ಕಾಲು ಎಳೆಯುತ್ತಾ?" ಎಂದು ಕೇಳಿದರು.

ಹೌದು! ಮಲಗಿದ ಕೂಡಲೇ ಮೀನಖಂಡದಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು. ಕಾಲು ಆಡಿಸಿದರೆ ಸಮಾಧಾನ. ನಿಂತೇ ಪಾಠ ಮಾಡುವ ಕೆಲಸ ಅಲ್ವಾ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. ಅದಕ್ಕೂ ಕಬ್ಬಿಣದ ಕೊರತೆಗೂ ನಂಟಿದೆಯಂತೆ. ಕಬ್ಬಿಣದ ಮಾತ್ರೆ ಶುರು ಮಾಡಿದೆ. ಮಾತ್ರೆ ನುಂಗುವ ಹೊತ್ತಿನಲ್ಲಿ ಕಾಫಿ, ಟೀ ಕುಡಿಯಬೇಡಿ, ಕಬ್ಬಿಣ ಮೈಗೆ ಹಿಡಿಯುವುದಿಲ್ಲ ಎಂದರು. ಎರಡೂವರೆ ತಿಂಗಳಲ್ಲಿ ಕಾಲಿನ ಎಳೆತ ಮುಕ್ಕಾಲು ಪಾಲು ಹೋಯಿತು.

ಕಾಫಿಯ ಬಗ್ಗೆಯೂ ಅವರೇ ಕೇಳಿದ್ದು. ಸಂಜೆ ಏಳಕ್ಕೆ ಒಂದು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದು ನೋಟ್ಸ್ ತಿದ್ದಲು ಕೂರುವುದು ನನ್ನ ಇಪ್ಪತ್ತು ವರ್ಷದ ಅಭ್ಯಾಸ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದಾರು ಗಂಟೆ ಬೇಕು. ಅಂದರೆ ರಾತ್ರಿ ಹನ್ನೆರಡಕ್ಕೂ ಅರ್ಧ ಲೋಟ ಕಾಫಿ ನನ್ನೊಳಗೆ ಕೆಲಸ ಮಾಡುತ್ತಲೇ ಇತ್ತು. ಮಧ್ಯಾಹ್ನ ಎರಡರ ನಂತರ ಕಾಫಿ ನಿಲ್ಲಿಸಿದೆ. ಮೊದಲ ವಾರ ತಲೆ ಸಿಡಿಯಿತು. ಆಮೇಲೆ ಹಾಸಿಗೆಯಲ್ಲಿ ಹೊರಳಾಡುವುದು ಕಡಿಮೆಯಾಯಿತು.

ಎರಡು ಕಾರಣ ಸಿಕ್ಕಿದವು, ಎರಡಕ್ಕೂ ಪರಿಹಾರ ಆಯಿತು. ಆದರೂ ಬೆಳಗಿನ ಸುಸ್ತು ಒಂದಿಂಚೂ ಅಲುಗಲಿಲ್ಲ. ಇಲ್ಲೇ ನಾನು ತಪ್ಪು ಮಾಡಿದೆ. ಇನ್ನೇನು, ಮುಟ್ಟು ನಿಲ್ಲುವ ವಯಸ್ಸು, ಇಷ್ಟೇ ಇರಬೇಕು ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ.

ಡಿಸೆಂಬರ್‌ನ ಒಂದು ಸಂಜೆ ಶಾಲೆಯಿಂದ ಸ್ಕೂಟರ್‌ನಲ್ಲಿ ಬರುತ್ತಿದ್ದೆ. ನೇರ ರಸ್ತೆ, ಟ್ರಾಫಿಕ್ ಹೆಚ್ಚಿರಲಿಲ್ಲ. ಕಣ್ಣು ಮುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಗಾಡಿ ಟಾರು ಬಿಟ್ಟು ಮಣ್ಣಿಗೆ ಇಳಿದು ಕುಲುಕಿದಾಗ ಎಚ್ಚರವಾಯಿತು. ಬೀಳಲಿಲ್ಲ. ಮುಂದೆ ನಾಲ್ಕು ಮಾರು ದೂರದಲ್ಲಿ ಎಳನೀರು ಗಾಡಿ, ಅದರ ಪಕ್ಕ ಒಂದು ಪುಟ್ಟ ಮಗು ನಿಂತಿತ್ತು. ಗಾಡಿಯನ್ನು ಅಲ್ಲೇ ಸ್ಟ್ಯಾಂಡ್ ಹಾಕಿ ಕಲ್ಲಿನ ಮೇಲೆ ಕೂತೆ. ಕೈ ನಡುಗುವುದು ನಿಲ್ಲಲು ಕಾಲು ಗಂಟೆ ಬೇಕಾಯಿತು. ಎಳನೀರು ಮಾರುವಾತ, "ಬಿಪಿ ಇದೆಯೇನಕ್ಕ, ಒಂದು ಎಳನೀರು ಕುಡೀರಿ" ಎಂದು ಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ಮನೆಯಲ್ಲಿ ಹೇಳಿದೆ. ಆಗ ನಮ್ಮನೆಯವರು ಹೇಳಿದರು, ನಾನು ಗೊರಕೆ ಹೊಡೆಯುತ್ತೇನಂತೆ. ಎರಡು ವರ್ಷದಿಂದ. "ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ" ಎಂದರು. ಮರುದಿನ ಮಗಳು ಓದಲು ಬೆಳಗಿನ ಜಾವ ನಾಲ್ಕೂವರೆಗೆ ಎದ್ದವಳು ನನ್ನ ತಲೆದಿಂಬಿನ ಪಕ್ಕ ಮೊಬೈಲ್ ಇಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿದಳು. ಬೆಳಿಗ್ಗೆ ಅದನ್ನು ಕೇಳಿಸುವಾಗ ಅವಳ ಕಣ್ಣಲ್ಲಿ ನೀರಿತ್ತು.

"ಅಮ್ಮಾ, ನೀನು ಉಸಿರೇ ಬಿಡ್ತಿಲ್ಲ ಇಲ್ಲಿ. ಎಣಿಸಿ ನೋಡು."

ಗೊರಕೆ, ಗೊರಕೆ, ಆಮೇಲೆ ಪೂರ್ತಿ ಸದ್ದಿಲ್ಲ. ಫ್ಯಾನ್ ಸದ್ದು ಮಾತ್ರ. ನಾನು ಎಣಿಸಿದೆ. ಇಪ್ಪತ್ತಾರರವರೆಗೆ ಹೋಯಿತು. ಆಮೇಲೆ ನೀರಿನಲ್ಲಿ ಮುಳುಗಿದವರು ಮೇಲೆ ಬಂದಂತೆ ಒಂದು ದೊಡ್ಡ ಉಸಿರು. ಮತ್ತೆ ಗೊರಕೆ. ಹತ್ತು ನಿಮಿಷದಲ್ಲಿ ಹೀಗೆ ಏಳು ಸಲ.

ನಿಮಗೆ ಅನುಮಾನವಿದ್ದರೆ ಮೊದಲು ಮಾಡಬೇಕಾದ ಕೆಲಸ ಇದೇ. ಒಂದು ಪೈಸೆ ಖರ್ಚಿಲ್ಲ. ರೆಕಾರ್ಡಿಂಗನ್ನು ಬೆಳಗಿನ ಜಾವ ಮಾಡಿ. ಕನಸು ಬೀಳುವ ನಿದ್ದೆ ಆ ಹೊತ್ತಿಗೆ ಜಾಸ್ತಿ, ಸ್ನಾಯುಗಳು ಆಗ ಬಹಳ ಸಡಿಲ ಆಗಿರುತ್ತವೆ. ಮುಖ್ಯವಾಗಿ ಹೆಂಗಸರಲ್ಲಿ ಉಸಿರು ನಿಲ್ಲುವುದು ಆ ಹೊತ್ತಿನಲ್ಲೇ ಎದ್ದು ಕಾಣುವುದು ಹೆಚ್ಚು ಎಂದು ಆಮೇಲೆ ಡಾಕ್ಟರು ಹೇಳಿದರು.

ಮೈಸೂರಿನಲ್ಲಿ ನಿದ್ದೆಯ ತೊಂದರೆ ನೋಡುವ ಶ್ವಾಸಕೋಶ ತಜ್ಞರ ಅಪಾಯಿಂಟ್‌ಮೆಂಟ್ ಒಂಬತ್ತು ದಿನಕ್ಕೆ ಸಿಕ್ಕಿತು. ಫೀಸು 700. ಹನ್ನೊಂದಕ್ಕೆ ಬರಲು ಹೇಳಿದ್ದರು, ಒಳಗೆ ಕರೆದದ್ದು ಎರಡು ಗಂಟೆಗೆ. ಊಟ ಕಟ್ಟಿಕೊಂಡು ಹೋಗಿದ್ದು ಒಳ್ಳೆಯದಾಯಿತು.

ಮೊದಲು ನರ್ಸ್ ಒಂದು ಹಾಳೆ ಕೊಟ್ಟರು. ಎಂಟು ಪ್ರಶ್ನೆ. ಕೂತು ಓದುವಾಗ ತೂಕಡಿಸುತ್ತೀರಾ, ಟಿವಿ ನೋಡುವಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಟ್ರಾಫಿಕ್‌ನಲ್ಲಿ ಗಾಡಿ ನಿಂತಾಗ... ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಇದಕ್ಕೆ ಎಪ್‌ವರ್ತ್ ಸ್ಕೇಲ್ ಎನ್ನುತ್ತಾರೆ. ಒಟ್ಟು 24ರಲ್ಲಿ ಹತ್ತು ದಾಟಿದರೆ ನೋಡಬೇಕಾದ ವಿಷಯ. ನನ್ನದು 16. ಟೇಪ್‌ನಲ್ಲಿ ಕತ್ತಿನ ಸುತ್ತಳತೆ ಅಳೆದರು. ತೂಕ 71 ಕೆ.ಜಿ. ಬಾಯಿ ತೆರೆಸಿ ಗಂಟಲಿನ ಹಿಂಭಾಗ ಎಷ್ಟು ಕಾಣುತ್ತದೆ ಎಂದು ನೋಡಿದರು. ಮಗಳ ರೆಕಾರ್ಡಿಂಗ್ ಕೇಳಿಸಿದೆ. ಡಾಕ್ಟರು ಅರ್ಧ ನಿಮಿಷ ಕೇಳಿ, "ಈ ಹುಡುಗಿಗೆ ನಾನು ಥ್ಯಾಂಕ್ಸ್ ಹೇಳಿದೆ ಅಂತ ತಿಳಿಸಿ" ಎಂದರು.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ನಿದ್ದೆ ಬಂದಾಗ ಗಂಟಲಿನ ಸ್ನಾಯು ಸಡಿಲವಾಗುತ್ತದೆ. ಕೆಲವರಲ್ಲಿ ಅದು ಸೈಕಲ್ ಟ್ಯೂಬಿನಿಂದ ಗಾಳಿ ಎಳೆದಾಗ ಎರಡು ಬದಿ ಅಂಟಿಕೊಂಡ ಹಾಗೆ ಮುಚ್ಚಿಕೊಳ್ಳುತ್ತದೆ. ಎದೆ ಉಸಿರೆಳೆಯಲು ಒದ್ದಾಡುತ್ತದೆ, ಗಾಳಿ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತದೆ. ಆ ಎಚ್ಚರ ನಮಗೆ ನೆನಪೇ ಇರುವುದಿಲ್ಲ. ಹೀಗೆ ರಾತ್ರಿಯೆಲ್ಲಾ ನಡೆದರೆ ಆಳವಾದ ನಿದ್ದೆಗೆ ಇಳಿಯಲು ಆಗುವುದೇ ಇಲ್ಲ. ಬಿಪಿ ಇಳಿಯದಿರುವುದು, ಬೆಳಗಿನ ತಲೆನೋವು, ಮರೆವು, ಸಿಟ್ಟು, ಎಲ್ಲಕ್ಕೂ ಇದರ ನಂಟಿದೆ. ರಾತ್ರಿ ಮೂತ್ರಕ್ಕೆ ಏಳುವುದೂ ಇದರಿಂದಲೇ. ಎದೆಯೊಳಗಿನ ಎಳೆತಕ್ಕೆ ಹೃದಯ ಒಂದು ಹಾರ್ಮೋನು ಬಿಡುತ್ತದೆ, ಅದು ಮೂತ್ರ ಹೆಚ್ಚು ಮಾಡುತ್ತದೆ. ಇದನ್ನು ಕೇಳಿದಾಗ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ! ಬೇರೆ ಬೇರೆ ಎಂದುಕೊಂಡಿದ್ದ ಐದಾರು ಕಾಯಿಲೆ ಒಂದೇ ದಾರದಲ್ಲಿ ಪೋಣಿಸಿದಂತೆ ಆಯಿತು.

"ಇದು ದಪ್ಪ ಇರೋ ಗಂಡಸರ ಕಾಯಿಲೆ ಅಂದುಕೊಂಡಿದ್ದೆ ಸರ್" ಎಂದೆ.

"ಡಾಕ್ಟರುಗಳೇ ಹಾಗೆ ಅಂದುಕೊಂಡಿರ್ತಾರೆ. ಹೆಂಗಸರು ಬಂದು ಗೊರಕೆ ಅನ್ನಲ್ಲ, ಸುಸ್ತು ಅಂತಾರೆ, ನಿದ್ದೆ ಬರಲ್ಲ ಅಂತಾರೆ, ಬೇಜಾರು ಅಂತಾರೆ. ಮುಟ್ಟು ನಿಲ್ಲೋ ಸಮಯದಿಂದ ಇದು ಅವರಲ್ಲೂ ಜಾಸ್ತಿ ಆಗುತ್ತೆ."

ಎರಡು ವಾರ ನಿದ್ದೆಯ ಡೈರಿ ಬರೆಯಲು ಹೇಳಿದರು. ಎಷ್ಟಕ್ಕೆ ಮಲಗಿದೆ, ಎಷ್ಟು ಸಲ ಎದ್ದೆ, ಕಾಫಿ ಯಾವಾಗ, ಮೊಬೈಲ್ ಯಾವಾಗ ಕೆಳಗಿಟ್ಟೆ ಇವೆಲ್ಲ. ಕಿವಿ ಮೂಗು ಗಂಟಲು ತಜ್ಞರಿಗೂ ತೋರಿಸಿದೆ. ಮೂಗಿನ ನಡುಗೋಡೆ ಸ್ವಲ್ಪ ಸೊಟ್ಟ, ಅಲರ್ಜಿಗೆ ಒಂದು ಸ್ಪ್ರೇ, ಆಪರೇಷನ್ ಬೇಡ ಎಂದರು.

ಇಲ್ಲಿ ಒಂದು ಮಾತು. ನಿದ್ದೆ ಕೆಟ್ಟವರಿಗೆಲ್ಲ ನನಗಿದ್ದದ್ದೇ ಇರಬೇಕೆಂದಿಲ್ಲ. ಅಂದು ನನ್ನ ಪಕ್ಕ ಕೂತಿದ್ದ ಹುಡುಗ ಬೆಂಗಳೂರಿನ ಕಂಪನಿಯೊಂದರಲ್ಲಿ ರಾತ್ರಿ ಪಾಳಿ ಮಾಡುವವನು. ಹಗಲಲ್ಲಿ ಮಲಗಲು ಬೆಳಕು ಬಿಡುವುದಿಲ್ಲ. ಎದುರು ಕೂತಿದ್ದ ಅಮ್ಮನಿಗೆ ಮಗ ತೀರಿಕೊಂಡ ಮೇಲೆ ನಿದ್ದೆಯೇ ಇಲ್ಲ. ಚಿಂತೆ, ದುಃಖದಿಂದ ನಿದ್ದೆ ಹೋದವರಿಗೆ ಮಾತಿನ ಚಿಕಿತ್ಸೆ ಇದೆ, ಯೋಚನೆ, ಅಭ್ಯಾಸಗಳನ್ನು ಬದಲಿಸಲು ಕಲಿಸುವ ಸಿಬಿಟಿ ಎಂಬ ಚಿಕಿತ್ಸೆಯನ್ನು ನಿದ್ದೆಗೆಂದೇ ರೂಪಿಸಿದ್ದೂ ಇದೆ. ಎಲ್ಲಿಂದ ಶುರು ಮಾಡುವುದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ನನಗೆ ಸ್ಲೀಪ್ ಸ್ಟಡಿಗೆ ಬರೆದುಕೊಟ್ಟರು, ಅಂದರೆ ಒಂದು ರಾತ್ರಿ ಲ್ಯಾಬಿನಲ್ಲಿ ಮಲಗಿಸಿ ನಿದ್ದೆ, ಉಸಿರು ಎಲ್ಲವನ್ನೂ ದಾಖಲಿಸುವ ಪರೀಕ್ಷೆ. ಲ್ಯಾಬಿನಲ್ಲಿ ಇದ್ದದ್ದು ಎರಡೇ ಹಾಸಿಗೆ. ಮೂರು ವಾರ ಕಾಯಬೇಕಾಯಿತು. ಚಾರ್ಜು 14,500. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಚಿಕ್ಕ ಪರೀಕ್ಷೆಯೂ ಇದೆ, ಅದಕ್ಕೆ ಅರ್ಧಕ್ಕಿಂತ ಕಡಿಮೆ ಖರ್ಚು. ಆದರೆ ಬಹುತೇಕ ಅದರಲ್ಲಿ ಮೆದುಳಿನ ಅಲೆ ದಾಖಲಾಗುವುದಿಲ್ಲ, ಕಾಲಿನ ಎಳೆತ ಕಾಣುವುದಿಲ್ಲ. ನನಗೆ ಕಾಲಿನದ್ದೂ ಇದ್ದದ್ದರಿಂದ ಲ್ಯಾಬೇ ಆಗಲಿ ಎಂದರು. ನೀವು ಕೇಳಿ ತಿಳಿದುಕೊಳ್ಳಿ, ಎಲ್ಲರಿಗೂ ಲ್ಯಾಬ್ ಬೇಕಾಗುವುದಿಲ್ಲ.

ಫೆಬ್ರವರಿಯ ಒಂದು ಶನಿವಾರ ರಾತ್ರಿ ಎಂಟಕ್ಕೆ ಹೋದೆವು. ಅಲ್ಲಿ ಮೊದಲ ಎಡವಟ್ಟು. ನಾನು ಪ್ರತಿ ದಿನದ ಹಾಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಹೋಗಿದ್ದೆ. ಎಣ್ಣೆ ಇದ್ದರೆ ನೆತ್ತಿಗೆ ಅಂಟಿಸುವ ತಂತಿಗಳು ನಿಲ್ಲುವುದಿಲ್ಲ. ಯಾರೂ ಹೇಳಿರಲಿಲ್ಲ. ಟೆಕ್ನಿಷಿಯನ್ ಚಿಕ್ಕ ವಯಸ್ಸಿನ ಹುಡುಗಿ, "ಪರವಾಗಿಲ್ಲ ಮೇಡಂ, ತಲೆ ತೊಳ್ಕೊಂಡು ಬನ್ನಿ" ಎಂದು ಶಾಂಪೂ ಕೊಟ್ಟಳು. ಒದ್ದೆ ಕೂದಲು ಒಣಗಿಸುವಷ್ಟರಲ್ಲಿ ಹತ್ತು ಗಂಟೆ. ಹಾಗಾಗಿ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ ಹೋಗಿ. ಬೆರಳಿನ ಕ್ಲಿಪ್ಪಿಗೆ ಅಡ್ಡಿಯಾಗುತ್ತದೆ, ಉಗುರು ಬಣ್ಣ ತೆಗೆದಿರಿ. ಮದುವೆ ಸೀಸನ್ನಿನಲ್ಲಿ ಬೆರಳ ತುದಿಗೆ ಗೋರಂಟಿ ಹಾಕಿಕೊಂಡಿದ್ದರೆ ಮೊದಲೇ ಹೇಳಿ. ನೈಟಿಗಿಂತ ಮುಂದೆ ಗುಂಡಿ ಇರುವ ಅಂಗಿ, ಪೈಜಾಮ ಅನುಕೂಲ. ನಿಮ್ಮ ದಿಂಬು ತೆಗೆದುಕೊಂಡು ಹೋಗಿ. ದಿನಾ ತೆಗೆದುಕೊಳ್ಳುವ ಮಾತ್ರೆ ಬಿಡಬೇಕೋ ಬೇಡವೋ ಕೇಳಿಕೊಳ್ಳಿ. ಅಂದು ಮಧ್ಯಾಹ್ನದಿಂದ ಕಾಫಿ ಬೇಡ, ಹಗಲು ನಿದ್ದೆ ಬೇಡ.

ತಂತಿ ಅಂಟಿಸಲು ಮುಕ್ಕಾಲು ಗಂಟೆ ಬೇಕಾಯಿತು. ನೆತ್ತಿ, ಕಣ್ಣಿನ ಪಕ್ಕ, ಗದ್ದ, ಎದೆ, ಎರಡೂ ಕಾಲು. ಎದೆಗೂ ಹೊಟ್ಟೆಗೂ ಒಂದೊಂದು ಬೆಲ್ಟು. ಮೂಗಿಗೆ ಸಣ್ಣ ಪೈಪು. ಬೆರಳಿಗೆ ಕ್ಲಿಪ್ಪು. ತಾಳಿ ಸರ ತೆಗೆಯಬೇಕಾ ಎಂದು ಕೇಳಿದೆ, ಬೇಡ, ಬೆನ್ನಿಗೆ ಹಾಕಿಕೊಳ್ಳಿ ಎಂದಳು. ಮೂಲೆಯಲ್ಲಿ ಕ್ಯಾಮೆರಾ ಇತ್ತು. ರಾತ್ರಿಯಿಡೀ ಪಕ್ಕದ ಕೋಣೆಯಿಂದ ನೋಡುತ್ತಾರೆ. ಅದು ನನಗೆ ಬಹಳ ಮುಜುಗರವಾಯಿತು. ಹೆಂಗಸು ಟೆಕ್ನಿಷಿಯನ್ ಬೇಕು ಎಂದರೆ ಬುಕ್ ಮಾಡುವಾಗಲೇ ಹೇಳಿ. ನನಗೆ ಅದು ಅದೃಷ್ಟದಿಂದ ಸಿಕ್ಕಿತು.

ಇಷ್ಟೆಲ್ಲ ಕಟ್ಟಿಕೊಂಡು ಯಾರಿಗೆ ನಿದ್ದೆ ಬರುತ್ತದೆ ಎಂದು ಚಿಂತೆ ಮಾಡುತ್ತಾ ಮಲಗಿದೆ. 14,500 ಹಾಳಾಯಿತಲ್ಲ ಎಂಬ ಯೋಚನೆ ಬೇರೆ. ಹನ್ನೊಂದೂವರೆ ನೋಡಿದ್ದು ನೆನಪಿದೆ. ಆಮೇಲೆ ಬಾತ್‌ರೂಮಿಗೆ ಎರಡು ಸಲ ಎದ್ದೆ. ತಂತಿಗಳೆಲ್ಲ ಒಂದು ಪೆಟ್ಟಿಗೆಗೆ ಸೇರಿರುತ್ತವೆ, ಅದನ್ನು ಬಿಚ್ಚಿ ಕತ್ತಿಗೆ ನೇತು ಹಾಕಿಕೊಂಡು ಹೋಗಬಹುದು. ಬೆಳಿಗ್ಗೆ ಆರಕ್ಕೆ ಎಬ್ಬಿಸಿದಾಗ, "ನಿದ್ದೆನೇ ಬರಲಿಲ್ಲ ಕಣಮ್ಮ" ಎಂದೆ. ಅವಳು ನಕ್ಕು, "ಎಲ್ಲರೂ ಹಾಗೇ ಅಂತಾರೆ ಮೇಡಂ. ನಮಗೆ ಬೇಕಾದಷ್ಟು ಸಿಕ್ಕಿದೆ" ಎಂದಳು. ಕೂದಲಿನ ಪೇಸ್ಟ್ ಹೋಗಲು ಎರಡು ಸಲ ಬಿಸಿನೀರಿನ ಸ್ನಾನ ಬೇಕಾಯಿತು.

ರಿಪೋರ್ಟಿಗೆ ಆರು ದಿನ. ಆ ಆರು ದಿನ ನನಗೆ ಒಂದು ವಿಚಿತ್ರ ಭಯ. ಏನೂ ಇಲ್ಲ ಎಂದು ಬಂದರೆ? ಮತ್ತೆ ಎಲ್ಲರೂ ಟೆನ್ಶನ್ ಎನ್ನುತ್ತಾರಲ್ಲ ಎಂಬ ಭಯ.

ನಿದ್ದೆ ಮಾಡಿದ್ದು ಐದೂವರೆ ಗಂಟೆ. ಅಷ್ಟರಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಸಿರು ನಿಂತದ್ದು ಅಥವಾ ತೀರಾ ಕಡಿಮೆಯಾದದ್ದು 187 ಸಲ. ಗಂಟೆಗೆ 34. ಇದನ್ನು ಎಎಚ್‌ಐ ಎನ್ನುತ್ತಾರೆ, ರಿಪೋರ್ಟಿನಲ್ಲಿ ಮೊದಲು ಹುಡುಕಬೇಕಾದ ಅಂಕಿ ಇದು. ಐದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ. 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಆಮ್ಲಜನಕ ಒಮ್ಮೆ ಶೇ 78ಕ್ಕೆ ಇಳಿದಿತ್ತು. ಕೋವಿಡ್ ಸಮಯದಲ್ಲಿ 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಓಡುತ್ತಿದ್ದೆವು, ನೆನಪಿದೆಯಾ? ನಮ್ಮನೆಯವರು ಆ ಅಂಕಿಯನ್ನೇ ನೋಡುತ್ತಾ ಕೂತರು. ನಾನು ಅತ್ತೆ. ಹೆದರಿಕೆಗಿಂತ, ನಾನು ಸೋಮಾರಿಯಲ್ಲ, ಸಿಡುಕಿಯಲ್ಲ ಎಂದು ಒಂದು ಕಾಗದ ಹೇಳಿತಲ್ಲ ಎಂಬುದಕ್ಕೆ.

ಚಿಕಿತ್ಸೆಗೆ ಸಿಪ್ಯಾಪ್ ಎಂಬ ಯಂತ್ರ. ಮಾಸ್ಕ್ ಮೂಲಕ ಸಣ್ಣ ಒತ್ತಡದ ಗಾಳಿ ಕೊಡುತ್ತದೆ, ಗಂಟಲು ಮುಚ್ಚಿಕೊಳ್ಳದಂತೆ ಗಾಳಿಯೇ ತಡೆಯುತ್ತದೆ. ಆಮ್ಲಜನಕ ಕೊಡುವುದಲ್ಲ, ಕೋಣೆಯ ಗಾಳಿಯೇ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರಂತೆ. ಅದಕ್ಕೂ ಮೊದಲು ತೀವ್ರವಾಗಿ ಇದ್ದವರ ಗಂಟಲಿಗೆ ತೂತು ಮಾಡಿ ಉಸಿರಿಗೆ ದಾರಿ ಮಾಡುತ್ತಿದ್ದರು. ಅದನ್ನು ಓದಿದ ಮೇಲೆ ಮಾಸ್ಕಿನ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು.

ಒಮ್ಮೆಲೇ ಕೊಳ್ಳಬೇಡಿ. ನಾವು ಮೊದಲ ತಿಂಗಳು 3,500 ಬಾಡಿಗೆಗೆ ತಂದೆವು. ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಮಾದರಿ ಅದು. ಆಮೇಲೆ 44,000ಕ್ಕೆ ಕೊಂಡೆವು. ಅಂಗಡಿಯಲ್ಲಿ ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ, ವಾರಂಟಿಗೆ ಬೇಕು. ಡಾಕ್ಟರ ಚೀಟಿಯ ಒಂದು ಪ್ರತಿ ಇಟ್ಟುಕೊಳ್ಳಿ.

ಯಂತ್ರಕ್ಕಿಂತ ಮಾಸ್ಕ್ ಮುಖ್ಯ ಎಂಬುದು ನನಗೆ ಕಷ್ಟಪಟ್ಟ ಮೇಲೆ ತಿಳಿಯಿತು. ಮೊದಲು ಕೊಟ್ಟದ್ದು ಮೂಗನ್ನು ಪೂರ್ತಿ ಮುಚ್ಚುವ ಮಾಸ್ಕ್. ನನ್ನ ಮೂಗುಬೊಟ್ಟಿನ ಜಾಗದಲ್ಲಿ ಅದು ಕೂರುತ್ತಲೇ ಇರಲಿಲ್ಲ. ಗಾಳಿ ಸುಯ್ ಎಂದು ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಪಟ್ಟಿ ಬಿಗಿ ಮಾಡಿದರೆ ಮೂಗುಬೊಟ್ಟು ಒತ್ತಿ ಬೆಳಿಗ್ಗೆ ಗಾಯ. ಅಂಗಡಿಯವರು, "ತೆಗೆದುಬಿಡಿ ಮೇಡಂ, ಏನು ಮಹಾ" ಎಂದರು. ಅವರಿಗೆ ಏನೂ ಅಲ್ಲದಿರಬಹುದು. ಅದು ನನ್ನ ಅಮ್ಮ ಕೊಟ್ಟದ್ದು. ಹದಿನಾರನೇ ವಯಸ್ಸಿನಿಂದ ಮೂಗಿನಲ್ಲಿದೆ. ಎರಡು ರಾತ್ರಿ ತೆಗೆದಿಟ್ಟು ಮಲಗಿದೆ. ಮೂರನೇ ಬೆಳಿಗ್ಗೆ ತೂತಿಗೆ ಸರಿಯಾಗಿ ಹೋಗದೆ ರಕ್ತ ಬಂತು. ಅತ್ತೆಗೆ 78 ವರ್ಷ, ನಾನು ಮುಖಕ್ಕೆ ಪೈಪು ಕಟ್ಟಿಕೊಂಡಿದ್ದನ್ನೇ ನೋಡಲಾಗದೆ ಸಂಕಟ ಪಡುತ್ತಿದ್ದರು. ಬರಿ ಮೂಗು ನೋಡಿ ಮಾತೇ ಆಡಲಿಲ್ಲ.

ಲ್ಯಾಬಿನ ಆ ಹುಡುಗಿಗೇ ಫೋನ್ ಮಾಡಿದೆ. "ಮೂಗಿನ ಕೆಳಗೆ ಕೂರೋ ಮಾಸ್ಕ್ ಇದೆ ಮೇಡಂ, ಅದನ್ನ ಕೇಳಿ" ಎಂದಳು. ಅದು ಮೂಗಿನ ಹೊಳ್ಳೆಗಳ ಕೆಳಗೆ ಮಾತ್ರ ತಾಗುತ್ತದೆ. ಮೂಗುಬೊಟ್ಟಿಗೆ ತಗಲುವುದಿಲ್ಲ. 6,200 ರೂಪಾಯಿ ಬೇರೆ ಕೊಡಬೇಕಾಯಿತು. ಮೊದಲೇ ಯಾರಾದರೂ ನನ್ನ ಮುಖ ನೋಡಿ ಹೇಳಿದ್ದರೆ ಆ ದುಡ್ಡು, ಆ ಗಾಯ ಎರಡೂ ಉಳಿಯುತ್ತಿತ್ತು. ಅಂಗಡಿಯಲ್ಲಿ ಮಲಗಿ, ಯಂತ್ರ ಚಾಲೂ ಮಾಡಿಸಿ, ಮಗ್ಗುಲು ಬದಲಿಸಿ ನೋಡಿಯೇ ಮಾಸ್ಕ್ ತೆಗೆದುಕೊಳ್ಳಿ.

ಮೊದಲ ಎರಡು ವಾರ ಕಷ್ಟ. ಮಾಸ್ಕ್ ಹಾಕಿದರೆ ಉಸಿರು ಕಟ್ಟಿದ ಹಾಗೆ. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಕಿತ್ತೆಸೆಯುತ್ತಿದ್ದೆ. ಡಾಕ್ಟರು ಹೇಳಿದ ಉಪಾಯ ಕೆಲಸ ಮಾಡಿತು. ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಸುಮ್ಮನೆ ಕೂರುವುದು. ಗಾಳಿಯ ಒತ್ತಡ ನಿಧಾನವಾಗಿ ಏರುವಂತೆ ಯಂತ್ರದಲ್ಲಿ ಹೊಂದಿಸಬಹುದು, ಅದನ್ನೂ ಮಾಡಿಸಿಕೊಂಡೆ. ಗಂಟಲು ಒಣಗದಂತೆ ನೀರಿನ ತೊಟ್ಟಿ ಇರುತ್ತದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಹಾಕಬೇಡಿ ಎಂದು ಎರಡೆರಡು ಸಲ ಹೇಳಿದರು.

ಇನ್ನೊಂದು ಹೆದರಿಕೆ ಕರೆಂಟಿನದು. ಏಪ್ರಿಲ್‌ನ ಮಳೆಗೆ ಒಂದು ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು. ಗಾಳಿ ನಿಂತದ್ದೇ ಎದ್ದು ಕೂತು ಮಾಸ್ಕ್ ಕಿತ್ತೆ, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮಾಸ್ಕಿನಲ್ಲಿ ಗಾಳಿ ಆಡುವ ತೂತುಗಳಿರುತ್ತವೆ, ಉಸಿರು ಕಟ್ಟುವುದಿಲ್ಲ ಎಂದು ಆಮೇಲೆ ತಿಳಿಯಿತು. ಈಗ ಯುಪಿಎಸ್ ಪ್ಲಗ್ಗಿಗೆ ಹಾಕಿದ್ದೇವೆ. ನೀರು ಬಿಸಿ ಮಾಡುವುದನ್ನು ಆಫ್ ಮಾಡಿದರೆ ಯಂತ್ರ ಹೆಚ್ಚು ಕರೆಂಟ್ ಎಳೆಯುವುದಿಲ್ಲ, ಬೆಳಗಿನವರೆಗೆ ನಡೆಯುತ್ತದೆ.

ವಿಮೆಯಿಂದ ಒಂದು ರೂಪಾಯಿ ಬರಲಿಲ್ಲ. ನಮ್ಮನೆಯವರ ಆಫೀಸಿನ ಗುಂಪು ವಿಮೆ ಅದು. ಲ್ಯಾಬಿನ ರಾತ್ರಿಗೆ 24 ಗಂಟೆ ದಾಖಲಾತಿ ಇಲ್ಲ, ಬರೀ ತಪಾಸಣೆ ಎಂದರು. ಯಂತ್ರ ಪಾಲಿಸಿಯಲ್ಲೇ ಇಲ್ಲ ಎಂದರು. ಏಳು ಕಾಗದ ಸ್ಕ್ಯಾನ್ ಮಾಡಿ, ಐದು ವಾರ ಕಾದು ಬಂದ ಉತ್ತರ. ಎಲ್ಲಾ ಪಾಲಿಸಿ ಒಂದೇ ಥರ ಇರುವುದಿಲ್ಲ, ಆದ್ದರಿಂದ ನೀವು ಪರೀಕ್ಷೆಗೆ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರ ಬರವಣಿಗೆಯಲ್ಲಿ ಪಡೆಯಿರಿ. ಡಾಕ್ಟರು, ಪರೀಕ್ಷೆ, ಬಾಡಿಗೆ, ಯಂತ್ರ, ಎರಡನೇ ಮಾಸ್ಕ್, ಓಡಾಟ ಎಲ್ಲಾ ಸೇರಿ ನನಗೆ ಹತ್ತಿರ ಹತ್ತಿರ 79 ಸಾವಿರ ಆಯಿತು. ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ. ಮಗಳ ಕಾಲೇಜಿಗೆಂದು ಕಟ್ಟುತ್ತಿದ್ದ ಆರ್‌ಡಿ ಮುರಿದೆವು.

ಈಗ ಹೇಗಿದ್ದೇನೆ? ಯಂತ್ರದ ಚಿಪ್ ನೋಡಿ ಡಾಕ್ಟರು ಹೇಳಿದ್ದು: ರಾತ್ರಿಗೆ ಸರಾಸರಿ ಆರು ಗಂಟೆ ಹತ್ತು ನಿಮಿಷ ಹಾಕಿದ್ದೇನೆ, ಉಸಿರು ತಡೆಯುವುದು ಗಂಟೆಗೆ 34ರಿಂದ 3ಕ್ಕೆ ಬಂದಿದೆ. ಬಿಪಿ ಅದೇ ಮಾತ್ರೆಯಲ್ಲಿ 132/84. ಬೆಳಗಿನ ತಲೆನೋವು ಎರಡನೇ ವಾರವೇ ಹೋಯಿತು. ರಾತ್ರಿ ಏಳುವುದು ಒಂದು ಸಲ, ಕೆಲವು ದಿನ ಅದೂ ಇಲ್ಲ. ಸಕ್ಕರೆ ಹಾಗೇ ಇದೆ, 6.1. ತೂಕ ಎರಡೇ ಕೆ.ಜಿ. ಇಳಿದಿದೆ. ತೂಕ ಇನ್ನೂ ಇಳಿದರೆ ತೊಂದರೆ ಕಡಿಮೆಯಾಗಬಹುದು, ಆಗ ಮತ್ತೆ ಪರೀಕ್ಷೆ ಮಾಡಿ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ಪ್ರತಿ ರಾತ್ರಿ ಮಾಸ್ಕ್. ಪ್ರವಾಸ, ಮದುವೆ ಮನೆ, ಎಲ್ಲಿ ಹೋದರೂ ಚೀಲದಲ್ಲಿ ಅದು ಇರಲೇಬೇಕು. ಕೆಲವು ರಾತ್ರಿ ಅದನ್ನು ನೋಡಿದರೆ ಈಗಲೂ ಬೇಸರ ಬರುತ್ತದೆ. ಮಧ್ಯಾಹ್ನದ ಪಿರಿಯಡ್ಡಿನಲ್ಲಿ ಕುರ್ಚಿಯಲ್ಲಿ ಕೂತು ಮಕ್ಕಳ ಪ್ರಶ್ನೆ ಕೇಳಿಸಿಕೊಳ್ಳುವಾಗ ಆ ಬೇಸರ ನೆನಪಿರುವುದಿಲ್ಲ.

ಒಂದು ವಿಷಯ ಬಾಕಿ ಇದೆ. ಇದು ಮನೆತನದಲ್ಲೂ ಬರಬಹುದು, ಅಣ್ಣ ತಮ್ಮಂದಿರಿಗೆ ಗೊರಕೆ ಇದೆಯಾ ಎಂದು ಡಾಕ್ಟರು ಕೇಳಿದ್ದರು. ನನ್ನ ಅಣ್ಣ ಸಕಲೇಶಪುರದಲ್ಲಿ ಇದ್ದಾನೆ. ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ತರಕಾರಿ ಗಾಡಿ ಓಡಿಸುತ್ತಾನೆ. ಅವನ ಗೊರಕೆ ಪಕ್ಕದ ಮನೆಗೂ ಕೇಳಿಸುತ್ತದೆ. "ಗೊರಕೆಗೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರೇನೇ" ಎಂದು ಎರಡು ತಿಂಗಳು ತಳ್ಳಿಹಾಕಿದ. ಹೋದ ಭಾನುವಾರ ಅತ್ತಿಗೆ ಬೆಳಗಿನ ಜಾವ ಅವನ ರೆಕಾರ್ಡಿಂಗ್ ಮಾಡಿ ನನಗೆ ಕಳಿಸಿದರು. ಅದನ್ನು ಅವನ ಮುಂದೆ ಇಟ್ಟು, ಸದ್ದು ನಿಂತಾಗ ನೀನೇ ಎಣಿಸು ಎಂದೆ. ಮೂವತ್ತೊಂದಕ್ಕೆ ನಿಲ್ಲಿಸಿ ಮೊಬೈಲ್ ಕೆಳಗಿಟ್ಟ. ಮನೆಯಲ್ಲೇ ಮಾಡುವ ಪರೀಕ್ಷೆಯ ಪೆಟ್ಟಿಗೆ ಗುರುವಾರ ಬರುತ್ತದೆ. ಆ ರಾತ್ರಿ ಗಾಡಿಗೆ ಬೇರೆ ಡ್ರೈವರ್ ಹೇಳಿದ್ದಾನೆ.